ಮೈದಾನದ ಮೇಷ್ಟ್ರು ರಹೀಮ್ ಸಾಹೇಬರು



2021ರ ಆಗಸ್ಟ್ 22ರಂದು ನಮ್ಮ ಕಲಬುರಗಿ ನಗರದ ಆಸ್ಪತ್ರೆಯೊಂದರಲ್ಲಿ 82 ವರ್ಷದ ಹಿರಿಯರೊಬ್ಬರು ಕೊನೆಯುಸಿರೆಳೆದರು. ಅವರ ಹೆಸರು ಸೈಯದ್ ಶಾಹಿದ್ ಹಕೀಮ್. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತದ ಫುಟ್‌ಬಾಲ್ ತಂಡದಲ್ಲಿ ಅವರಿದ್ದರು. ವಾಯುಸೇನೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ ದುಡಿದವರು ಅವರು. ಇಂದು ನಾನು ನಿಮಗೆ ಪರಿಚಯಿಸಬೇಕೆಂದಿರುವುದು ಅವರ ತಂದೆಯನ್ನು. ಆ ತಂದೆಯೇ ಸೈಯದ್ ಅಬ್ದುಲ್ ರಹೀಮ್. ಭಾರತದ ಫುಟ್‌ಬಾಲ್ ತಂಡವನ್ನು ಎರಡು ಬಾರಿ ಏಷ್ಯಾದ ಚಿನ್ನದ ಪದಕಕ್ಕೆ ಮುನ್ನಡೆಸಿದ ಶಾಲಾ ಮೇಷ್ಟ್ರು.

ರಹೀಮ್ ಸಾಹೇಬರು ಹೈದರಾಬಾದಿನವರು. 1956ರ ನವೆಂಬರ್ 1ರವರೆಗೆ ನಮ್ಮ ಕಲಬುರಗಿಯೂ ಹೈದರಾಬಾದ್ ರಾಜ್ಯದ್ದೇ ಜಿಲ್ಲೆಯಾಗಿತ್ತೆಂಬುದು ನಿಮಗೆ ಗೊತ್ತು. ಕಮಲಾಪುರದ ಕೆಂಪು ಬಾಳೆಯ ತೋಟಗಳನ್ನು ದಾಟಿ, ಹುಮನಾಬಾದಿನಲ್ಲಿ ಹೆದ್ದಾರಿ ಹಿಡಿದು ನಾವು ಇಂದಿಗೂ ಆ ಊರಿಗೆ ಹೋಗಿಬರುತ್ತೇವೆ. ಆದ್ದರಿಂದ ಇವರನ್ನು ಪರ ಊರಿನವರೆಂದು ತಿಳಿಯಬೇಡಿ.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿನ ತಂಡದಲ್ಲಿ ಆಡಿದರು. ನಂತರ ಶಾಲಾ ಶಿಕ್ಷಕರಾದರು. ಪಾಠ ಹೇಳುವುದು, ಸಂಜೆ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುವುದು, ಇದೇ ಅವರ ಜೀವನವಾಯಿತು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಹೊಣೆಯನ್ನು ಬಿಡಲಿಲ್ಲ.

ಅವರು ಕಲಿಸುತ್ತಿದ್ದ ರೀತಿಯನ್ನು ಸ್ವಲ್ಪ ಗಮನಿಸಿ. ಬಲಗಾಲಿನ ಹುಡುಗರು ಎಡಗಾಲನ್ನೂ ಬಳಸುವುದನ್ನು ಕಲಿಯಲೆಂದು, ಬಲಹೀನ ಕಾಲಿನಲ್ಲಿ ಮಾತ್ರ ಚೆಂಡನ್ನು ಒದೆಯಬೇಕೆಂಬ ನಿಯಮದ ಪಂದ್ಯಗಳನ್ನು ಏರ್ಪಡಿಸಿದರು. ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡು ಮೆರೆಯುವ ಚಪಲ ಹೋಗಲೆಂದು, ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಬೇಕಾದ ಪಂದ್ಯಗಳನ್ನು ಆಡಿಸಿದರು. ನಮ್ಮ ಕುಟುಂಬಗಳಿಗೂ ಈ ಎರಡು ಪಾಠಗಳು ಬೇಕಲ್ಲವೇ? ಬಲಹೀನವಾದುದನ್ನು ಮೂಲೆಗೆ ತಳ್ಳದೆ ಬಲಪಡಿಸುವುದು. ದೊರೆತುದನ್ನು ಹಿಡಿದಿಟ್ಟುಕೊಳ್ಳದೆ ಹಂಚುವುದು.

ಅವರು ಬೆಳೆಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ, ಅವರ ತರಬೇತಿಯ ಭಾರತ ತಂಡ ಇರಾನನ್ನು 1-0 ಗೋಲಿನಿಂದ ಸೋಲಿಸಿ ಚಿನ್ನ ಪಡೆಯಿತು.

ಆದರೆ ಮರುವರ್ಷವೇ ಅವಮಾನ ಕಾದಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮ್ಮವರನ್ನು 10-1ರಿಂದ ಸೋಲಿಸಿತು. ಆ ಚಳಿಯ ನಾಡಿನಲ್ಲಿ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಅಂಥ ಸೋಲಿನ ನಂತರ ಬೇರೊಬ್ಬರಾಗಿದ್ದರೆ ಮನೆ ಸೇರುತ್ತಿದ್ದರೇನೋ. ರಹೀಮ್ ಸಾಹೇಬರು ಮತ್ತೆ ಮೈದಾನಕ್ಕಿಳಿದರು. ಬೂಟು ಕಡ್ಡಾಯವಾಯಿತು. ನಾಲ್ಕು ವರ್ಷ ಕಳೆದು 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ಬಂದಾಗ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಗೋವಾ ಮೂಲದ ನೆವಿಲ್ ಡಿಸೋಜರದು. ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ತಂಡ ನಮ್ಮದಾಯಿತು. ನಾಲ್ಕನೆಯ ಸ್ಥಾನ ದೊರೆಯಿತು. ನಮ್ಮ ಮೈಸೂರು ಸೀಮೆಯ ಕೆಂಪಯ್ಯನವರೂ ಆ ತಂಡದಲ್ಲಿದ್ದರು.

ಅದೇ ತಂಡದಲ್ಲಿ ತುಳಸಿದಾಸ್ ಬಲರಾಮ್ ಎಂಬ ಇಪ್ಪತ್ತರ ಯುವಕನಿದ್ದ. ಸಿಕಂದರಾಬಾದಿನ ಬಳಿಯ ಬಡ ತಮಿಳು ಕುಟುಂಬದ ಹುಡುಗ. ಸ್ಥಳೀಯ ಪಂದ್ಯದಲ್ಲಿ ಅವನ ಆಟವನ್ನು ಕಂಡ ರಹೀಮ್ ಸಾಹೇಬರು ತರಬೇತಿಗೆ ಕರೆದರು. ಹೋಗಿಬರಲು ಅವನ ಬಳಿ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿನ ಹಣವನ್ನು ಅವರೇ ಕೊಟ್ಟರು. ಮುಂದೆ ಬಲರಾಮ್ ನಮ್ಮ ದೇಶದ ಶ್ರೇಷ್ಠ ಆಟಗಾರರಲ್ಲಿ ಒಬ್ಬರಾದರು. ಬಡ ಹುಡುಗನನ್ನು ಹೊಗಳಿ ಹೋಗುವುದು ಸುಲಭ; ಅವನು ನಾಳೆ ಹೇಗೆ ಬರುತ್ತಾನೆಂದು ಯೋಚಿಸುವವನೇ ನಿಜವಾದ ಗುರು.

ಶುಭಸಂದೇಶದ ಅಂದ್ರೆಯನನ್ನು ಇಲ್ಲಿ ನೆನೆಯಿರಿ. ಅಣ್ಣ ಪೇತ್ರನನ್ನು ಪ್ರಭುವಿನ ಬಳಿಗೆ ಕರೆತಂದವನು ಅವನು. ಐದು ಸಾವಿರ ಜನರ ಆ ಗುಂಪಿನಲ್ಲಿ ಐದು ರೊಟ್ಟಿ, ಎರಡು ಮೀನು ಹಿಡಿದು ನಿಂತಿದ್ದ ಬಾಲಕನನ್ನು ಗಮನಿಸಿ ಯೇಸುವಿಗೆ ತಿಳಿಸಿದವನೂ ಅವನೇ. ಅಂದ್ರೆಯ ಅದ್ಭುತ ಮಾಡಲಿಲ್ಲ. ಆದರೆ ಅವನು ಆ ಬಾಲಕನನ್ನು ಕಂಡ. ಹುಡುಗರಲ್ಲಿರುವುದನ್ನು ಗುರುತಿಸಿ ಮುಂದೆ ತರುವ ಕೆಲಸ ಅಂಥದೇ ಕೆಲಸ.

ಗುರುವಾಗಿ ಅವರು ಎಷ್ಟು ನ್ಯಾಯವಂತರೆಂಬುದು ರೋಮ್‌ನಲ್ಲಿ ಕಂಡಿತು. 1960ರ ತಂಡದಲ್ಲಿ ಮಗ ಹಕೀಮ್ ಇದ್ದರೂ ಮೂರು ಪಂದ್ಯಗಳಲ್ಲಿ ಒಂದರಲ್ಲಿಯೂ ಅವರಿಗೆ ಕಣಕ್ಕಿಳಿಯುವ ಅವಕಾಶ ಸಿಗಲಿಲ್ಲ. ತರಬೇತುದಾರರು ಸ್ವಂತ ತಂದೆ! ಮಕ್ಕಳಿಗಾಗಿ ಶಿಫಾರಸು ಹುಡುಕುವ ನಮ್ಮ ಕಾಲದ ತಂದೆತಾಯಿಯರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕೊನೆಯ ಪರೀಕ್ಷೆ 1962ರಲ್ಲಿ, ಇಂಡೋನೇಷ್ಯಾದ ಜಕಾರ್ತದಲ್ಲಿ. ಅಷ್ಟರಲ್ಲಿ ರಹೀಮ್ ಸಾಹೇಬರಿಗೆ ಕ್ಯಾನ್ಸರ್ ತಗಲಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾದ ಎದುರು ತಂಡ 0-2ರಿಂದ ಸೋತಿತು. ಥಾಯ್ಲೆಂಡಿನ ಎದುರಿನ ಪಂದ್ಯದಲ್ಲಿ ಜರ್ನೈಲ್ ಸಿಂಗ್‌ರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕ್ರೀಡಾಕೂಟದಿಂದ ಹೊರಗಿಟ್ಟುದನ್ನು ಭಾರತದ ಪ್ರತಿನಿಧಿಯೊಬ್ಬರು ಟೀಕಿಸಿದ್ದರಿಂದ ಅಲ್ಲಿನ ಜನ ನಮ್ಮವರ ಮೇಲೆ ಸಿಟ್ಟಾಗಿದ್ದರು.

ಆಗ ಆ ರೋಗಿ ಗುರು ಏನು ಮಾಡಿದರು? ಹಿಂದೆ ನಿಂತು ಎದುರಾಳಿಗಳನ್ನು ತಡೆಯುತ್ತಿದ್ದ ಜರ್ನೈಲ್ ಸಿಂಗ್‌ರನ್ನು, ತಲೆಗೆ ಗಾಯವಿದ್ದಾಗಲೇ, ಗೋಲು ಹೊಡೆಯುವ ಮುಂಚೂಣಿಗೆ ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. ಅದಕ್ಕೆ ಮುಂಚೆ ತಮಗೊಂದು ಉಡುಗೊರೆ ಬೇಕೆಂದು, ಅದು ಚಿನ್ನದ ಪದಕವೆಂದು, ಅವರು ಹುಡುಗರನ್ನು ಕೇಳಿಕೊಂಡರಂತೆ. ಸುಮಾರು ಒಂದು ಲಕ್ಷ ಜನರ ಕೂಗಾಟದ ನಡುವೆ ಪಿ. ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರು. ಇನ್ನೊಂದನ್ನು ಹೊಡೆದವರು ಗಾಯಗೊಂಡಿದ್ದ ಜರ್ನೈಲ್ ಸಿಂಗ್. ಭಾರತ 2-1ರಿಂದ ಗೆದ್ದಿತು. ಆ ತಂಡದಲ್ಲಿ ಚುನಿ ಗೋಸ್ವಾಮಿ ಇದ್ದರು, ಯೂಸುಫ್ ಖಾನ್ ಇದ್ದರು, ಪೀಟರ್ ತಂಗರಾಜ್ ಮತ್ತು ಗೋವಾದ ಫೋರ್ಚುನಾಟೊ ಫ್ರಾಂಕೊ ಇದ್ದರು. ಹಿಂದೂ, ಮುಸ್ಲಿಂ, ಸಿಖ್, ಕ್ರೈಸ್ತ ಎಂಬ ಭೇದವಿಲ್ಲದೆ ಒಬ್ಬ ಮುಸ್ಲಿಂ ಮೇಷ್ಟ್ರ ಮಾತನ್ನು ಎಲ್ಲರೂ ನಂಬಿ ಆಡಿದರು.

1963ರ ಜೂನ್ 11ರಂದು, 53ನೆಯ ವಯಸ್ಸಿನಲ್ಲಿ ರಹೀಮ್ ಸಾಹೇಬರು ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಆ ನಂತರ ಭಾರತಕ್ಕೆ ಚಿನ್ನ ದಕ್ಕಿಲ್ಲ. ದೇಶದ ಬಹುಪಾಲು ಜನರಿಗೆ ಅವರ ಹೆಸರು ತಿಳಿದದ್ದು 2024ರಲ್ಲಿ ಮೈದಾನ್ ಎಂಬ ಹಿಂದಿ ಚಲನಚಿತ್ರ ತೆರೆಕಂಡ ಮೇಲೆಯೇ.

ಸಂತ ತೋಮಾಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ. ವೈದ್ಯನು ಆರೋಗ್ಯವನ್ನು ಹೊರಗಿನಿಂದ ತಂದು ತುಂಬುವುದಿಲ್ಲ. ದೇಹದೊಳಗಿನ ಶಕ್ತಿಗೆ ನೆರವಾಗುತ್ತಾನೆ. ಹಾಗೆಯೇ ದೇವರು ಮಗುವಿನಲ್ಲಿ ಬಿತ್ತಿರುವುದನ್ನು ಹೊರತರಲು ಗುರು ನೆರವಾಗುತ್ತಾನೆ. ಬೀಜವನ್ನಿಟ್ಟವನು ದೇವರು, ನಮ್ಮ ಪಾಲಿಗಿರುವುದು ನೀರೆರೆಯುವ ಕೆಲಸ.

ಆದ್ದರಿಂದ ತಂದೆತಾಯಿಯರೇ, ಧರ್ಮೋಪದೇಶದ ಶಿಕ್ಷಕರೇ, ನಿಮ್ಮಲ್ಲಿ ನನ್ನದೊಂದು ಬಿನ್ನಹ. ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬಂದಾಗ ಮಗುವನ್ನು ಆ ಹಾಳೆಯಿಂದಲೇ ಅಳೆದುಬಿಡಬೇಡಿ. ಗಣಿತದಲ್ಲಿ ಹಿಂದೆ ಬಿದ್ದ ಹುಡುಗಿ ಗಾಯನವೃಂದದಲ್ಲಿ ಎಲ್ಲರಿಗೂ ಶ್ರುತಿ ಹಿಡಿಯಬಲ್ಲಳು. ಕಮಲಾಪುರದ ಕಡೆಯ ಬಯಲಲ್ಲಿ ಬರಿಗಾಲಲ್ಲಿ ಚೆಂಡಿನ ಹಿಂದೆ ಓಡುವ ಹುಡುಗ ನಾಳೆ ಹತ್ತು ಜನರನ್ನು ಜೊತೆಗೂಡಿಸಿ ಮುನ್ನಡೆಸಬಲ್ಲ. ನಿಮ್ಮ ನೆರೆಮನೆಯಲ್ಲಿ ಅಂಥ ಮಗುವೊಂದಿದ್ದು, ಬಸ್ಸಿನ ದುಡ್ಡಿಗೋ ಬೂಟಿಗೋ ಅಡ್ಡಿಯಾಗಿದ್ದರೆ, ಈ ವಾರ ಆ ಮನೆಯ ಬಾಗಿಲು ತಟ್ಟಿರಿ. ಆ ಮಗು ಯಾವ ಧರ್ಮದ್ದೆಂದು ಕೇಳುವ ಅಗತ್ಯವಿಲ್ಲ.

ಮಕ್ಕಳನ್ನು ಕಾಣುವ ಕಣ್ಣನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.