ಕಾರ್ಲ್ ಲುಡ್ವಿಗ್ ಎಂಗೆಲ್ (1778–1840): ಟುರ್ಕು ನಗರದ ಪುನರ್‌ನಿರ್ಮಾತೃ

ಫಿನ್ಲೆಂಡಿನ ನಗರ ಯೋಜನೆಯ ಇತಿಹಾಸದಲ್ಲಿ ಅಗ್ರಗಣ್ಯರಾದ ಕಾರ್ಲ್ ಲುಡ್ವಿಗ್ ಎಂಗೆಲ್ ಅವರು 1778ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದರು. ಅಲ್ಲಿಯೇ ವಾಸ್ತುಶಿಲ್ಪದ ಶಿಕ್ಷಣ ಪಡೆದು, 1809ರಲ್ಲಿ ಟಾಲಿನ್ ನಗರದ ವಾಸ್ತುಶಿಲ್ಪಿಯಾಗಿ ಸೇವೆಗೆ ಸೇರಿದರು. 1808ರಲ್ಲಿ ಬೆಂಕಿಗೆ ತುತ್ತಾಗಿದ್ದ ಹೆಲ್ಸಿಂಕಿಯನ್ನು 1812ರಲ್ಲಿ ರಾಜಧಾನಿಯೆಂದು ಘೋಷಿಸಿದ ನಂತರ ಅದರ ಪುನರ್‌ನಿರ್ಮಾಣಕ್ಕಾಗಿ ಸಮಿತಿಯೊಂದನ್ನು ರಚಿಸಲಾಯಿತು. 1816ರಲ್ಲಿ ಎಂಗೆಲ್ ಅವರು ಸದರಿ ಸಮಿತಿಯ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. 1824ರಲ್ಲಿ ಇಡೀ ದೇಶದ ಸರ್ಕಾರಿ ಕಟ್ಟಡಗಳ ಮೇಲ್ವಿಚಾರಣಾ ಕಚೇರಿಯ ಮುಖ್ಯಸ್ಥರಾದರು.

1827ರ ಸೆಪ್ಟೆಂಬರ್ 4ರ ಸಂಜೆ ಔರಾ ನದಿಯ ದಡದ ಪ್ರಾಚೀನ ನಗರ ಟುರ್ಕುವಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಇಕ್ಕಟ್ಟಾದ ಬೀದಿಗಳು, ಒತ್ತೊತ್ತಾದ ಮರದ ಮನೆಗಳು ಹಾಗೂ ಬಲವಾದ ಗಾಳಿಯಿಂದಾಗಿ ಬೆಂಕಿ ನದಿಯನ್ನೂ ದಾಟಿ ಹಬ್ಬಿತು. ಅನೇಕ ನಾಗರಿಕರು ಟಾಂಪೆರೆ ಸಂತೆಗೆ ತೆರಳಿದ್ದುದರಿಂದ ಬೆಂಕಿ ನಂದಿಸುವವರೂ ಕಡಿಮೆಯಿದ್ದರು. ನಗರದ ಸುಮಾರು ಮುಕ್ಕಾಲು ಭಾಗ ನಾಶವಾಗಿ, 27 ಮಂದಿ ಮೃತಪಟ್ಟು, ಸುಮಾರು 11,000 ಜನ ನಿರಾಶ್ರಿತರಾದರು. ವಿಶ್ವವಿದ್ಯಾಲಯದ ಗ್ರಂಥಭಂಡಾರವೂ ಭಸ್ಮವಾಯಿತು. 1828ರಲ್ಲಿ ವಿಶ್ವವಿದ್ಯಾಲಯವನ್ನು ಹೆಲ್ಸಿಂಕಿಗೆ ಸ್ಥಳಾಂತರಿಸಲಾಯಿತು.

ನಗರದ ಹೊಸ ಯೋಜನೆಯನ್ನು ಸಿದ್ಧಪಡಿಸುವ ಹೊಣೆ ಎಂಗೆಲ್ ಅವರದಾಯಿತು. ಅವರ ಯೋಜನೆಯು 1828ರ ಡಿಸೆಂಬರ್‌ನಲ್ಲಿ ಅನುಮೋದನೆ ಪಡೆಯಿತು. ಮನೆ ಕಟ್ಟಲು ಜನರಿಗೆ ಕೈಗೆಟುಕುತ್ತಿದ್ದುದು ಮರವೇ ಆದುದರಿಂದ, ಅದನ್ನು ಪೂರ್ಣವಾಗಿ ನಿಷೇಧಿಸದೆ ಬೆಂಕಿ ಹರಡುವ ದಾರಿಯನ್ನು ತಡೆಯುವುದೇ ಇದರ ತಿರುಳಾಗಿತ್ತು. ಅದರಂತೆ ಚೌಕಳಿ ಮಾದರಿಯ ಅಗಲವಾದ ನೇರ ಬೀದಿಗಳು, ವಿಶಾಲ ಚೌಕಗಳು, ತಗ್ಗಾದ ಮರದ ಮನೆಗಳು ಮತ್ತು ನಿವೇಶನಗಳ ನಡುವೆ ಮರಗಳನ್ನು ನೆಟ್ಟ ತೆರಪುಗಳನ್ನು ನಿಗದಿಪಡಿಸಲಾಯಿತು. ಆದರೆ ಇದಕ್ಕಾಗಿ ಹಳೆಯ ಬೀದಿಗಳ ಜಾಡನ್ನೇ ಅಳಿಸಬೇಕಾಯಿತು. ಅನೇಕರಿಗೆ ತಮ್ಮ ಹಿಂದಿನ ನಿವೇಶನದಲ್ಲಿ ಮತ್ತೆ ಮನೆ ಕಟ್ಟುವ ಅವಕಾಶ ಉಳಿಯಲಿಲ್ಲ.

ಬೆಂಕಿಯಿಂದ ಪಾರಾಗಿದ್ದ ಲುವೊಸ್ತರಿನ್‌ಮ್ಯಾಕಿ ಬಡಾವಣೆಯನ್ನೂ ಹೊಸ ಯೋಜನೆಯನ್ವಯ ತೆರವುಗೊಳಿಸಬೇಕಾಗಿತ್ತು. ಅದು ಜಾರಿಗೆ ಬರಲಿಲ್ಲ. 1940ರಲ್ಲಿ ಈ ಬಡಾವಣೆ ಕರಕುಶಲ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಎಂಗೆಲ್ ಅವರ ಕಾಲದ ಮಾದರಿಯ ಮರದ ಮನೆಗಳಲ್ಲಿ ಬಹುಪಾಲು ಇಪ್ಪತ್ತನೆಯ ಶತಮಾನದಲ್ಲಿ ಕೆಡವಲ್ಪಟ್ಟರೂ, ಅವರು ರೂಪಿಸಿದ ಬೀದಿಗಳ ವಿನ್ಯಾಸ ನಗರದ ಮಧ್ಯಭಾಗದಲ್ಲಿ ಇಂದಿಗೂ ಉಳಿದಿದೆ.

ಹೆಲ್ಸಿಂಕಿಯ ಸೆನೆಟ್ ಭವನ ಹಾಗೂ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ಇವರ ಪ್ರಮುಖ ಕೃತಿಗಳು. 1830ರಲ್ಲಿ ಆರಂಭವಾದ ಮಹಾ ಇಗರ್ಜಿಯು 1852ರಲ್ಲಿ ಪೂರ್ಣಗೊಂಡಿತು. ಅದನ್ನು ಕಾಣುವ ಮುನ್ನವೇ, 1840ರ ಮೇ 14ರಂದು, ಎಂಗೆಲ್ ಅವರು ಹೆಲ್ಸಿಂಕಿಯಲ್ಲಿ ನಿಧನರಾದರು.