ಹಿಮದ ಬಯಲಿನ ಬೋಧಕರಾದ ಜಾರ್ಜ್ ಮೆಕ್‌ಡೂಗಲ್

ಕೆನಡಾ ದೇಶದ ಪಶ್ಚಿಮ ಭಾಗದಲ್ಲಿ ಆಲ್ಬರ್ಟಾ ಎಂಬ ಸೀಮೆಯುಂಟು. ಈಗ ಅಲ್ಲಿ ದೊಡ್ಡ ಪಟ್ಟಣಗಳೂ ಗೋದಿಯ ಹೊಲಗಳೂ ಇವೆ. 1860ರ ಸುಮಾರಿಗೆ ಪಟ್ಟಣವೂ ಇರಲಿಲ್ಲ, ರೈಲುದಾರಿಯೂ ಇರಲಿಲ್ಲ. ಕ್ರೀ, ಬ್ಲ್ಯಾಕ್‌ಫುಟ್, ಸ್ಟೋನಿ ಎಂಬ ಜನಾಂಗಗಳು ಬೈಸನ್ ಎಂಬ ಕಾಡುಕೋಣಗಳ ಹಿಂಡುಗಳನ್ನು ಹಿಂಬಾಲಿಸಿ ಬೇಟೆಯಾಡುತ್ತಾ ಆ ವಿಸ್ತಾರವಾದ ಬಯಲಿನಲ್ಲಿ ಬಾಳುತ್ತಿದ್ದವು. ಚರ್ಮದ ವ್ಯಾಪಾರಕ್ಕಾಗಿ ಹಡ್ಸನ್ಸ್ ಬೇ ಕಂಪೆನಿಯವರು ಕಟ್ಟಿದ ಕೆಲವು ಮರದ ಕೋಟೆಗಳು ಮಾತ್ರ ಅಲ್ಲಲ್ಲಿ ಇದ್ದವು. ಅಂಥ ಸೀಮೆಗೆ ಹೆಂಡತಿಮಕ್ಕಳೊಡನೆ ಹೋಗಿ ನೆಲೆಸಿದ ಒಬ್ಬ ಬೋಧಕರ ಚರಿತ್ರೆಯಿದು.

ಜಾರ್ಜ್ ಮಿಲ್ವರ್ಡ್ ಮೆಕ್‌ಡೂಗಲ್ ಎಂಬವರು 1821ರಲ್ಲಿ ಕೆನಡಾದ ಕಿಂಗ್‌ಸ್ಟನ್ ಊರಿನಲ್ಲಿ ಹುಟ್ಟಿದರು. ತಂದೆತಾಯಿಗಳು ಸ್ಕಾಟ್ಲೆಂಡಿನವರು. 1842ರಲ್ಲಿ ಎಲಿಜಬೆತ್ ಚಾಂಟ್ಲರ್ ಎಂಬ ಕನ್ನಿಕೆಯನ್ನು ಮದುವೆಯಾದರು. ತರುವಾಯ ಮೆಥೊಡಿಸ್ಟ್ ಸಭೆಯ ಸೇವೆಗೆ ಸೇರಿ, ಮಹಾಸರೋವರಗಳ ತೀರದಲ್ಲಿದ್ದ ಒಜಿಬ್ವೆ ಜನರ ಮಧ್ಯದಲ್ಲಿ ಹಲವು ವರುಷ ಕೆಲಸಮಾಡಿದರು. 1860ರಲ್ಲಿ ವಿನಿಪೆಗ್ ಸರೋವರದ ಉತ್ತರಕ್ಕಿರುವ ನಾರ್ವೆ ಹೌಸ್ ಎಂಬ ಠಾಣೆಗೆ ಕಳುಹಿಸಲ್ಪಟ್ಟರು. ಎರಡು ವರುಷಗಳಾದ ಮೇಲೆ ಪಶ್ಚಿಮದ ಬಯಲುಸೀಮೆಯನ್ನು ನೋಡಿಬಂದು, 1863ರಲ್ಲಿ ಕುಟುಂಬವನ್ನೆಲ್ಲಾ ಕರೆದುಕೊಂಡು ಉತ್ತರ ಸಸ್ಕಾಚುವಾನ್ ನದಿಯ ದಡದಲ್ಲಿ ವಿಕ್ಟೋರಿಯಾ ಎಂಬ ಹೊಸ ಠಾಣೆಯಲ್ಲಿ ನೆಲೆಸಿದರು.

ಅಲ್ಲಿ ಅಯ್ಯನವರೂ ಅವರ ಹಿರಿಯ ಮಗನಾದ ಜಾನನೂ ಕಾಡಿನ ಮರಗಳನ್ನು ಕಡಿದು ಮನೆ ಕಟ್ಟಿದರು; ತೋಟವನ್ನೂ ಹೊಲವನ್ನೂ ಮಾಡಿದರು. ಆದಾಗ್ಯೂ ಚಳಿಗಾಲದ ಆಹಾರವು ಹೆಚ್ಚಾಗಿ ಬೇಟೆಯ ಮಾಂಸವೇ. 1865ರ ಸುಮಾರಿಗೆ ರೆಡ್ ರಿವರ್ ಸೀಮೆಯಿಂದ ಮಿಶ್ರ ಸಂತತಿಯ ಕೆಲವು ಕುಟುಂಬಗಳು ಬಂದು ನದಿಯ ಉದ್ದಕ್ಕೂ ಹೊಲಗಳನ್ನು ಹಿಡಿದವು. ಹೀಗೆ ಒಂದು ಊರು ಹುಟ್ಟಿತು. ಒಜಿಬ್ವೆ ಜನಾಂಗದವರೇ ಆಗಿದ್ದ ಹೆನ್ರಿ ಸ್ಟೈನ್‌ಹೌವರ್ ಬೋಧಕರ ಮಗಳಾದ ಅಬಿಗೇಲಳನ್ನು ಜಾನನು ಮದುವೆಯಾದನು. ಮೆಕ್‌ಡೂಗಲ್ ಅಯ್ಯನವರ ಮಗಳು ಎಲೈಜಳನ್ನು ಕಂಪೆನಿಯ ಅಧಿಕಾರಿಯಾದ ರಿಚರ್ಡ್ ಹಾರ್ಡಿಸ್ಟಿಗೆ ಕೊಟ್ಟರು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಡದೆ ಹೇಳಬೇಕು. ಆ ಬಯಲಿನ ಒಂದು ಗುಡ್ಡದ ಮೇಲೆ ಆಕಾಶದಿಂದ ಬಿದ್ದ ಕಬ್ಬಿಣದ ಉಲ್ಕೆಯೊಂದಿತ್ತು. ಅದರ ತೂಕ ಸುಮಾರು 145 ಕಿಲೋಗ್ರಾಂ. ಕ್ರೀಗಳೂ ಬ್ಲ್ಯಾಕ್‌ಫುಟರೂ ಅದನ್ನು ಕಾಡುಕೋಣಗಳನ್ನು ಕಾಯುವ ಪವಿತ್ರ ಶಿಲೆಯೆಂದು ಎಣಿಸಿ, ಬೇಟೆಗೆ ಹೋಗುವ ಮೊದಲು ಅಲ್ಲಿ ಕಾಣಿಕೆಯಿಡುತ್ತಿದ್ದರು. 1866ರಲ್ಲಿ ಅಯ್ಯನವರು ಅದನ್ನು ತೆಗೆಯಿಸಿ ಠಾಣೆಗೆ ತರಿಸಿದರು. ಮುಂದೆ ಅದು ದೂರದ ಒಂಟಾರಿಯೋ ಸೀಮೆಯ ಕಾಲೇಜನ್ನು ಸೇರಿತು. ಇದರಿಂದ ರೋಗವೂ ಯುದ್ಧವೂ ಹಸಿವೂ ಬರುವವೆಂದು ಆ ಜನರ ಹಿರಿಯರು ಮುಂತಿಳಿಸಿದರು.

ನಾಲ್ಕೇ ವರುಷಗಳಲ್ಲಿ ರೋಗವು ಬಂದಿತು. ಅದು ಕಲ್ಲಿನಿಂದ ಬಂದುದಲ್ಲ. ಅಮೇರಿಕಾದ ಮಿಸೂರಿ ನದಿಯ ವ್ಯಾಪಾರದ ದಾರಿಯಿಂದ ಬಂದ ಸಿಡುಬು. ಆ ಬಯಲಿನಲ್ಲಿ ದೇವಿ ಹಾಕಿಸಿಕೊಂಡವರು ಬಹು ಕೊಂಚ. 1870ರಲ್ಲಿ ಪಾಳೆಯಕ್ಕೆ ಪಾಳೆಯವೇ ಸಾವಿರಾರು ಜನರನ್ನು ಕಳೆದುಕೊಂಡಿತು. ಗುಂಪಾಗಿರಬೇಡಿರಿ, ಚಿಕ್ಕ ಚಿಕ್ಕ ತಂಡಗಳಾಗಿ ಚದರಿಹೋಗಿರಿ ಎಂದು ಅಯ್ಯನವರು ಕ್ರೀಗಳಿಗೆ ಬುದ್ಧಿ ಹೇಳಿದರು. ರೋಗಿಗಳ ಮಧ್ಯದಲ್ಲಿ ತಾವು ನಿಂತರು. ಬೇನೆಯು ಅವರ ಮನೆಯೊಳಗೂ ಹೊಕ್ಕಿತು. ಅಕ್ಟೋಬರಿನಲ್ಲಿ ಹನ್ನೊಂದು ವರುಷದ ಫ್ಲೋರಾ ತೀರಿಕೊಂಡಳು. ಅವಳ ಹಿಂದೆ ಅವರು ಸಾಕಿಕೊಂಡಿದ್ದ ಮೂಲನಿವಾಸಿಗಳ ಹುಡುಗಿ ಆನ್ನಾ, ಆಮೇಲೆ ಹದಿನೆಂಟು ವರುಷದ ಜಾರ್ಜಿಯಾನಾ ಹೋದರು. ತಂದೆಯೂ ಮಗನೂ ತಾವೇ ನೆಲವನ್ನು ಅಗೆದು ಗೋರಿಯನ್ನು ತೋಡಿದರು. ಮರುವರುಷ ಸೊಸೆ ಅಬಿಗೇಲಳೂ ಪುಟ್ಟ ಮಕ್ಕಳನ್ನು ಬಿಟ್ಟು ಅಗಲಿದಳು.

ಇಷ್ಟು ದುಃಖವನ್ನುಂಡವರು ಸ್ವಂತ ಊರಿಗೆ ಹಿಂದಿರುಗಿದ್ದರೆ ಯಾರು ತಪ್ಪೆಣಿಸುತ್ತಿದ್ದರು? ಆದರೆ ಅವರು ಹಿಂದಿರುಗಲಿಲ್ಲ. 1871ರಲ್ಲಿ ಎಡ್ಮಂಟನ್ ಕೋಟೆಯ ಬಳಿಗೆ ಹೋಗಿ ಅಲ್ಲಿ ಸಭೆಯನ್ನು ಕೂಡಿಸಿದರು; ಕೋಟೆಯ ಗೋಡೆಗಳ ಹೊರಗೆ ದೇವಾಲಯವನ್ನು ಕಟ್ಟಿದರು. 1873ರಲ್ಲಿ ಬೋ ನದಿಯ ತೀರದ ಮಾರ್ಲಿಯಲ್ಲಿ ಸ್ಟೋನಿ ಜನರಿಗಾಗಿ ಹೊಸ ಠಾಣೆಯಾಯಿತು. ಅದರ ಭಾರವನ್ನು ಜಾನನು ಹೊತ್ತನು.

ಅಷ್ಟರಲ್ಲಿ ಕಾಡುಕೋಣಗಳು ಕಡಿಮೆಯಾಗುತ್ತಾ ಬಂದವು. ತಮ್ಮನ್ನು ಕೇಳದೆ ತಂತಿಯ ಕಂಬಗಳನ್ನು ನೆಡುವವರನ್ನು ಕಂಡು ಕ್ರೀಗಳು 1875ರಲ್ಲಿ ಆ ಕೆಲಸವನ್ನು ತಡೆದರು. ಆಗ ಸರಕಾರದವರು ಮೆಕ್‌ಡೂಗಲ್ ಅಯ್ಯನವರನ್ನೇ ದೂತರಾಗಿ ಕಳುಹಿಸಿದರು. ಅವರು ಪಾಳೆಯದಿಂದ ಪಾಳೆಯಕ್ಕೆ ಹೋಗಿ, ಮುಂದಿನ ವರುಷ ಒಡಂಬಡಿಕೆಗಾಗಿ ಅಧಿಕಾರಿಗಳು ಬರುವರೆಂದು ತಿಳಿಸಿದರು. ಮುಖ್ಯಸ್ಥರ ಮನದಳಲನ್ನು ಕೇಳಿ ಸರಕಾರಕ್ಕೆ ಬರೆದರು. 1876ರಲ್ಲಿ ಆ ಒಡಂಬಡಿಕೆಯು ಆಯಿತು. ರೋಗವೂ ಕ್ಷಾಮವೂ ಬಂದರೆ ಸಹಾಯಮಾಡಬೇಕು, ಔಷಧದ ಪೆಟ್ಟಿಗೆಯನ್ನು ಇಟ್ಟಿರಬೇಕು ಎಂಬ ಮಾತುಗಳು ಅದರಲ್ಲಿ ಸೇರಿದವು. ಸಿಡುಬಿನ ಗೋರಿಗಳನ್ನು ಕಂಡ ಜನರು ಕೇಳಿ ಪಡೆದ ಮಾತುಗಳವು.

ಅದನ್ನು ನೋಡಲು ಅಯ್ಯನವರು ಬದುಕಿರಲಿಲ್ಲ. 1876ರ ಜನವರಿಯಲ್ಲಿ ಮನೆಯವರಿಗಾಗಿ ಮಾಂಸ ತರಲು ಮಗನೊಡನೆ ಬೇಟೆಗೆ ಹೋಗಿದ್ದರು. 24ನೆಯ ತಾರೀಕಿನ ಸಾಯಂಕಾಲ, ಈಗಿನ ಕ್ಯಾಲ್ಗರಿ ಪಟ್ಟಣದ ಸಮೀಪ, ಅಡಿಗೆಯ ಸಿದ್ಧತೆಗಾಗಿ ಮುಂಚಿತವಾಗಿ ಬಿಡಾರಕ್ಕೆ ಹೋಗುವೆನೆಂದು ಕುದುರೆ ಹತ್ತಿ ಹೊರಟರು. ಬಿಡಾರವು ದೂರವಿರಲಿಲ್ಲ. ಆದರೂ ಕತ್ತಲೆಯಲ್ಲಿ ದಾರಿ ತಪ್ಪಿತು, ಹಿಮಗಾಳಿಯು ಎದ್ದಿತು. ಮಗನು ಬಿಡಾರಕ್ಕೆ ಬಂದು ನೋಡಿದಾಗ ತಂದೆಯು ಅಲ್ಲಿರಲಿಲ್ಲ. ಬಹು ದಿವಸ ಹುಡುಕಿದ ಮೇಲೆ ಅವರ ಶರೀರವು ಹಿಮದಲ್ಲಿ ಸಿಕ್ಕಿತು. ಅದನ್ನು ಮಾರ್ಲಿಗೆ ತಂದು ಹೂಣಿಟ್ಟರು.

ಮೆಥೊಡಿಸ್ಟ್ ಸಭೆಯು 1925ರಲ್ಲಿ ಕೆನಡಾದ ಐಕ್ಯ ಸಭೆಯೊಳಗೆ ಸೇರಿತು. ಆ ಐಕ್ಯ ಸಭೆಯು 1986ರಲ್ಲಿ ಮೂಲನಿವಾಸಿಗಳ ಮುಂದೆ ಕ್ಷಮೆ ಬೇಡಿತು. ನಮ್ಮ ನಡೆನುಡಿಗಳೇ ಸುವಾರ್ತೆಯೆಂದು ಭ್ರಮಿಸಿ ನಿಮ್ಮ ಹಿರಿಯರ ಜ್ಞಾನವನ್ನು ತುಚ್ಛವಾಗಿ ಕಂಡೆವೆಂದು ಅದು ಒಪ್ಪಿಕೊಂಡಿತು. ಆ ಶಿಲೆಯೂ ಬಹು ವರುಷಗಳ ಮೇಲೆ ಆಲ್ಬರ್ಟಾ ಸೀಮೆಗೆ ತಿರುಗಿ ಬಂದಿತು.

ಪ್ರಿಯರೇ, ಈ ಜೀವಿತದಲ್ಲಿ ಎರಡು ಪಾಠಗಳುಂಟು. ನೆರೆಯವರ ಕಷ್ಟದ ದಿವಸದಲ್ಲಿ ಓಡಿಹೋಗದೆ, ಅವರ ಮಕ್ಕಳ ಗೋರಿಗಳ ಪಕ್ಕದಲ್ಲಿ ತನ್ನ ಮಕ್ಕಳ ಗೋರಿಯನ್ನು ತೋಡಿದವನ ಪ್ರೀತಿಯನ್ನು ಯಾರೂ ಸಂದೇಹಿಸಲಾರರು. ಆದರೆ ಅಂಥ ಪ್ರೀತಿಯುಳ್ಳವನೂ ಮತ್ತೊಬ್ಬರಿಗೆ ಅಮೂಲ್ಯವಾದುದನ್ನು ಕೇಳದೆ ಎತ್ತಿಕೊಂಡಾಗ, ಆ ಗಾಯವು ಆರಲು ನೂರು ವರುಷಗಳು ಸಾಲವು. ಮೊದಲನೆಯದನ್ನು ಅನುಸರಿಸೋಣ, ಎರಡನೆಯದನ್ನು ಮರೆಯದಿರೋಣ.