ವಿಲ್ಯಂ ಟ್ಯೂಕನ ಚರಿತ್ರೆ

ಬುದ್ಧಿಭ್ರಮಣೆ ಹೊಂದಿದವರನ್ನು ಸಂಕೋಲೆಯಿಂದಲ್ಲ, ದಯೆಯಿಂದಲೇ ಪರಾಮರಿಸಬೇಕೆಂದು ತೋರಿಸಿದ ಒಬ್ಬ ಸತ್ಪುರುಷನ ಚರಿತ್ರೆಯನ್ನು ಹೆಗ್ಗದ್ದೆ ಮೊದಲಾದ ಗ್ರಾಮಗಳ ಪ್ರಿಯ ವಾಚಕರಿಗೆ ತಿಳಿಸಲಿಚ್ಛಿಸುತ್ತೇವೆ.

ವಿಲ್ಯಂ ಟ್ಯೂಕನು 1732ನೆಯ ಇಸವಿಯಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಹುಟ್ಟಿದನು. ಈತನು ಕ್ವೇಕರರೆಂಬ ಕ್ರೈಸ್ತ ಸಂಘಕ್ಕೆ ಸೇರಿದವನು. ವೈದ್ಯನಲ್ಲ, ನಮ್ಮ ಬೆಟ್ಟಗಳಲ್ಲಿ ಬೆಳೆಯುವಂಥ ಕಾಫಿಯನ್ನೂ ಚಹವನ್ನೂ ಮಾರಿ ಜೀವಿಸುತ್ತಿದ್ದ ವರ್ತಕನು.

ಆ ಕಾಲದಲ್ಲಿ ಚಿತ್ತಸ್ವಾಸ್ಥ್ಯವಿಲ್ಲದವರನ್ನು ಮೃಗಗಳಂತೆ ಎಣಿಸಿ ಸರಪಣಿಗಳಿಂದ ಬಿಗಿಯುತ್ತಿದ್ದರು. 1790ರಲ್ಲಿ ಹನ್ನಾ ಮಿಲ್ಸ್ ಎಂಬ ಕ್ವೇಕರ್ ವಿಧವೆಯನ್ನು ಯಾರ್ಕಿನ ಹುಚ್ಚರಾಸ್ಪತ್ರೆಗೆ ಸೇರಿಸಿದರು. ಆಕೆಯ ಬಂಧುಗಳು ದೂರದಲ್ಲಿದ್ದುದರಿಂದ ಆ ಪಟ್ಟಣದ ಸಂಘದವರು ಆಕೆಯನ್ನು ನೋಡಹೋದರು. ಆದರೆ ಅವರನ್ನು ಒಳಗೆ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಆಕೆ ಮರಣಹೊಂದಿದಳು.

ಇದು ಟ್ಯೂಕನ ಹೃದಯಕ್ಕೆ ನಾಟಿತು. 1792ರಲ್ಲಿ ಆತನು ಸಂಘದ ಕೂಟದಲ್ಲಿ ಎದ್ದು, ಇಂಥ ರೋಗಿಗಳಿಗಾಗಿ ನಾವೇ ಒಂದು ಮನೆಯನ್ನು ಕಟ್ಟಬೇಕೆಂದು ಸೂಚಿಸಿದನು. ಮೊದಲು ಅನೇಕರು ಹಿಂಜರಿದರೂ ಆತನು ಬಿಡದೆ ಹಣ ಕೂಡಿಸಿ, 1796ರಲ್ಲಿ ಆ ಮನೆಯನ್ನು ತೆರೆದನು. ಹುಚ್ಚರಾಸ್ಪತ್ರೆ ಎನ್ನದೆ ಅದಕ್ಕೆ ಆಶ್ರಯವೆಂಬ ಅರ್ಥವುಳ್ಳ ರಿಟ್ರೀಟ್ ಎಂಬ ಹೆಸರನ್ನಿಟ್ಟರು. ಅಲ್ಲಿ ಸರಪಣಿಗಳಿರಲಿಲ್ಲ, ಕೈಕಟ್ಟುವುದು ಸಹ ಅಪರೂಪವಾಗಿತ್ತು. ಸೆರೆಮನೆಯೆಂದು ತೋರದ ಹಾಗೆ ಕಿಟಕಿಗಳ ಕಬ್ಬಿಣವನ್ನು ಮರದಂತೆ ಕಾಣಿಸಿದರು. ರೋಗಿಗಳು ತೋಟದ ಕೆಲಸ, ಹೊಲಿಗೆ ಮಾಡುತ್ತಿದ್ದರು. ಅಂಗಳದ ಕೋಳಿ, ಮೊಲಗಳನ್ನು ನೋಡಿ ಆನಂದಿಸುತ್ತಿದ್ದರು. ಅತಿಥಿಗಳಂತೆ ಕುಳಿತು ಚಹ ಕುಡಿಯುತ್ತಿದ್ದರು. ಹೀಗೆ ಗೌರವಿಸಲ್ಪಟ್ಟವರಲ್ಲಿ ಹಲವರು ಸ್ವಸ್ಥರಾಗಿ ಮನೆಗೆ ಹಿಂದಿರುಗಿದರು.

1813ರಲ್ಲಿ ಮೊಮ್ಮಗನಾದ ಸಾಮ್ಯುವೆಲನು ಇದನ್ನೆಲ್ಲಾ ಗ್ರಂಥವಾಗಿ ಪ್ರಕಟಿಸಲು ಅನ್ಯದೇಶದವರೂ ಅನುಸರಿಸಿದರು. ಟ್ಯೂಕನು ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡು, 1822ರಲ್ಲಿ, ತೊಂಬತ್ತು ವರುಷದವನಾಗಿ ಕರ್ತನಲ್ಲಿ ನಿದ್ರೆಹೋದನು.

ಪ್ರಿಯರೇ, ಸಮಾಧಿಗಳ ನಡುವೆ ಸಂಕೋಲೆಗಳನ್ನು ಮುರಿದು ಅಲೆಯುತ್ತಿದ್ದವನ ದಡಕ್ಕೆ ನಮ್ಮ ಕರ್ತನು ದೋಣಿಯಲ್ಲಿ ದಾಟಿಹೋದನಲ್ಲವೇ? ನಮ್ಮ ದೇಶದಲ್ಲಿಯೂ 2017ರ ಕಾಯಿದೆಯು ಮನೋರೋಗಿಗಳನ್ನು ಸರಪಣಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಚಿಕಿತ್ಸೆಯುಂಟು. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವದು. ಹನ್ನಾಳ ಬಾಗಿಲನ್ನು ಮುಚ್ಚಿದವರು ಆಸ್ಪತ್ರೆಯವರು. ಅನೇಕ ಮನೆಗಳಲ್ಲಿಯಾದರೋ ಸ್ವಂತದವರೇ ನಾಚಿಕೆಯಿಂದ ಬಾಗಿಲು ಮುಚ್ಚುತ್ತಾರೆ. ಆದದರಿಂದ ಅಂಥವರಿರುವ ಮನೆಗೆ ಈ ವಾರವೇ ಹೋಗಿ, ರೋಗಿಯನ್ನು ಹೆಸರಿಟ್ಟು ಕರೆದು ಮಾತನಾಡಿಸೋಣ. ವೈದ್ಯರ ಬಳಿಗೆ ಹೋಗುವಾಗ ಜೊತೆಗೆ ನಡೆಯೋಣ.